ಎಡಕ್ಕೆ ಒರಗಿದ ಕೋಲು

ಕೋಲು ಬಾಗಿಲಿನ ಎಡ ಅಂಚಿಗೆ ಒರಗಿತ್ತು.

ಉಸ್ತಿನ್ಯಾ ಮೆಟ್ಟಿಲ ಕೆಳಗೇ ನಿಂತುಬಿಟ್ಟಳು. ಅಂಗಡಿಯಿಂದ ತಂದ ಸಕ್ಕರೆ ಪೊಟ್ಟಣ ಕಂಕುಳಲ್ಲಿತ್ತು. ಶುಯಗೊರ ಹಳ್ಳಿಯಲ್ಲಿ ಯಾರೂ ಮನೆಗೆ ಬೀಗ ಹಾಕುವುದಿಲ್ಲ. ಹೊರಗೆ ಹೋಗುವಾಗ ಬಾಗಿಲಿಗೊಂದು ಕೋಲು ಒರಗಿಸಿದರೆ ಆಯಿತು, ಮನೆಯಲ್ಲಿ ಯಾರೂ ಇಲ್ಲ ಎಂದು ಅರ್ಥ. ಆಮೇಲೆ ಆ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ಕುಡಿದು ದಾರಿ ತಪ್ಪಿದವನು ಕೂಡ ಕೋಲು ಕಂಡರೆ ಟೋಪಿ ಸರಿಮಾಡಿಕೊಂಡು ಪಕ್ಕದ ಮನೆಗೆ ಹೋಗುತ್ತಾನೆ.

ಐವತ್ತು ವರ್ಷದಿಂದ ಉಸ್ತಿನ್ಯಾ ಕೋಲನ್ನು ಬಲ ಅಂಚಿಗೇ ಒರಗಿಸುತ್ತ ಬಂದವಳು. ಕೈ ತಾನಾಗಿ ಆ ಕಡೆಗೆ ಹೋಗುತ್ತದೆ. ಎಡಗೈಯಲ್ಲಿ ಕೆಲಸ ಮಾಡುವವಳು ಇಡೀ ಊರಿನಲ್ಲಿ ಒಬ್ಬಳೇ, ಬೇಲಿಯಾಚೆಯ ಗ್ರೂನ್ಯಾ. ಸೌಟು ಹಿಡಿಯುವುದೂ ಎಡಗೈಯಲ್ಲಿ, ಕೊಡಲಿ ಹಿಡಿಯುವುದೂ ಎಡಗೈಯಲ್ಲಿ. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದ ವಾರಗಿತ್ತಿಯರು ಅವರಿಬ್ಬರು. ಅಣ್ಣನೂ ಈಗ ಇಲ್ಲ, ತಮ್ಮನೂ ಇಲ್ಲ. ಬೇಲಿ ಮಾತ್ರ ಗಟ್ಟಿಯಾಗಿ ನಿಂತಿದೆ.

ಉಸ್ತಿನ್ಯಾ ಒಳಗೆ ಹೋಗಿ ಬೂಟು ಕೂಡ ಬಿಚ್ಚದೆ ಎಲ್ಲವನ್ನೂ ನೋಡಿದಳು. ದೇವರ ಮೂಲೆಯ ಪಟಗಳು ಇದ್ದಲ್ಲೇ ಇದ್ದವು. ಬೆಳ್ಳಿಯ ಚಮಚ ಡಬ್ಬಿಯಲ್ಲಿತ್ತು. ಒಲೆಯ ಮೇಲೆ ಒಣಗಲು ಹಾಕಿದ್ದ ಉಣ್ಣೆಯ ಕಾಲುಚೀಲಗಳೂ ಹಾಗೇ ಇದ್ದವು. ಅಡುಗೆಮನೆಯ ಚಿಂದಿ ಚಾಪೆ ಮಾತ್ರ ಸ್ವಲ್ಪ ಸೊಟ್ಟಗಾಗಿತ್ತು, ಒಂದು ಕಡೆಯ ಅಂಚು ಒಳಮಡಚಿಕೊಂಡಿತ್ತು. ಚಾಪೆಯ ಕೆಳಗೆ ಹಲಗೆ, ಹಲಗೆ ಎತ್ತಿದರೆ ನೆಲಮಾಳಿಗೆ. ನೆಲಮಾಳಿಗೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ಟು, ಮತ್ತೆ ಪೀಪಾಯಿ.

ಪೀಪಾಯಿ ನೆನಪಾಗುತ್ತಲೇ ಅವಳು ಸಕ್ಕರೆ ಪೊಟ್ಟಣ ಮೇಜಿಗಿಟ್ಟಳು. ಏನೂ ಕಳುವಾಗಿಲ್ಲ. ಕದಿಯುವುದಕ್ಕಲ್ಲದೆ ಒಬ್ಬಳು ಕೋಲು ಸರಿಸಿ ಒಳಗೆ ಬಂದಿದ್ದಾಳೆ ಎಂದರೆ, ಏನನ್ನೋ ಹಾಕಿ ಹೋಗಲಿಕ್ಕೇ ಬಂದಿರಬೇಕು.

ಚಳಿಗಾಲದ ಸಂತ ನಿಕೋಲನ ಹಬ್ಬಕ್ಕೆ ಇನ್ನು ಹನ್ನೆರಡು ದಿನ ಇತ್ತು. ಆ ದಿನ ಊರೆಲ್ಲ ಕ್ಲಬ್ಬಿನ ದೊಡ್ಡ ಕೋಣೆಯಲ್ಲಿ ಒಂದೇ ಮೇಜಿಗೆ ಕೂರುತ್ತದೆ. ಪಿನೆಗಾ ನದಿ ಹೆಪ್ಪುಗಟ್ಟಿ ದಾರಿಯಾಗಿರುವುದರಿಂದ ಅರ್ಖಾಂಗೆಲ್ಸ್ಕ್ ಪೇಟೆಯಿಂದಲೂ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಮೀನಿನ ಪೈ ಯಾರ ಮನೆಯಿಂದಲಾದರೂ ಬರಲಿ, ಉಪ್ಪಿನ ಅಣಬೆ ಮಾತ್ರ ಮೂವತ್ತು ವರ್ಷದಿಂದ ಉಸ್ತಿನ್ಯಾಳದೇ. ಅವಳದು ಅವಳ ತಾಯಿಯ ಕ್ರಮ: ಬಿಳಿ ಅಣಬೆಯನ್ನು ಕಹಿ ಹೋಗುವವರೆಗೆ ಮೂರು ದಿನ ನೀರು ಬದಲಿಸುತ್ತ ನೆನೆಸುವುದು, ಪದರಕ್ಕೊಂದು ಹಿಡಿ ಉಪ್ಪು, ಮೇಲೆ ಬಟ್ಟೆ, ಬಟ್ಟೆಯ ಮೇಲೆ ಮರದ ಬಿಲ್ಲೆ, ಬಿಲ್ಲೆಯ ಮೇಲೆ ಹೊಳೆಯ ಕಲ್ಲು. ಎಲೆ ಇಲ್ಲ, ಬೆಳ್ಳುಳ್ಳಿ ಇಲ್ಲ, ಸಬ್ಬಸಿಗೆ ಇಲ್ಲ. ಗ್ರೂನ್ಯಾ ಮಾತ್ರ ಹಿತ್ತಲ ಕರ್ರಂಟ್ ಹಣ್ಣಿನ ಗಿಡದ ಘಮದ ಎಲೆ ಹಾಕುತ್ತಾಳೆ. "ಅವಳ ಅಣಬೆ ತಿಂದ್ರೆ ಹಿತ್ತಲ ಗಿಡ ಮೇದಂಗಿರುತ್ತೆ" ಎಂದು ಉಸ್ತಿನ್ಯಾ ಊರ ಮುಂದೆಯೇ ಅಂದಿದ್ದಳು. ಗ್ರೂನ್ಯಾ ಅದನ್ನು ಮರೆಯುವ ಪೈಕಿಯಲ್ಲ.

ಇಷ್ಟೇ ಆಗಿದ್ದರೆ ಉಸ್ತಿನ್ಯಾ ಪೀಪಾಯಿಯ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿ ನಿಶ್ಚಿಂತೆಯಾಗಿರುತ್ತಿದ್ದಳು. ಆದರೆ ಮೂಸಲು ಅವಳಿಗೆ ಮೂಗೇ ಇರಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಬಂದ ಜ್ವರ ಹತ್ತು ದಿನಕ್ಕೆ ಇಳಿಯಿತು. ಹೋಗುವಾಗ ವಾಸನೆಯನ್ನೆಲ್ಲ ಹೊತ್ತುಕೊಂಡು ಹೋಯಿತು. ನಾಲಗೆಗೆ ಉಪ್ಪು ತಿಳಿಯುತ್ತದೆ, ಹುಳಿ ತಿಳಿಯುತ್ತದೆ, ಅಷ್ಟೇ. ರೈ ಬ್ರೆಡ್ಡು ಒಲೆಯಿಂದ ಹೊರಬಂದಾಗ ಬಿಸಿ ಮುಖಕ್ಕೆ ತಾಗುತ್ತದೆ, ಘಮ ಇಲ್ಲ. ಮಗಳು ಪೇಟೆಯಿಂದ ಕಳಿಸಿದ ಸೋಪಿಗೂ ಕೊಟ್ಟಿಗೆಯ ಗೊಬ್ಬರಕ್ಕೂ ವ್ಯತ್ಯಾಸವಿಲ್ಲ. ಉಸ್ತಿನ್ಯಾ ಯಾರಿಗೂ ಹೇಳಲಿಲ್ಲ. ಬ್ರೆಡ್ಡಿನ ತಳವನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ ಬೆಂದಿದೆಯೋ ಇಲ್ಲವೋ ತಿಳಿದುಕೊಳ್ಳುತ್ತಿದ್ದಳು. ಮೂಗಿಲ್ಲದ ಅಡುಗೆಯವಳ ಕೈ ಅಡುಗೆಯನ್ನು ಯಾರು ಹಬ್ಬದ ಮೇಜಿಗಿಡುತ್ತಾರೆ? ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ಕೇಳುವವರಿರುವುದಿಲ್ಲ. ಆ ಪೀಪಾಯಿ ಬಿಟ್ಟರೆ, ಊರಿಗೆ ತನ್ನಿಂದ ಆಗಬೇಕಾದದ್ದು ಬೇರೆ ಏನು ಉಳಿದಿದೆ ಎಂದು ಎಷ್ಟು ಯೋಚಿಸಿದರೂ ಅವಳಿಗೆ ಹೊಳೆಯುತ್ತಿರಲಿಲ್ಲ.

ಗ್ರೂನ್ಯಾಳಿಗೆ ಗೊತ್ತಾಗಿರಬಹುದೆ? ನವೆಂಬರಿನಲ್ಲಿ ಒಂದು ದಿನ ಅವಳು ಜರಡಿ ಕೇಳಲು ಬಂದಿದ್ದಳು. ಬಾಗಿಲಲ್ಲಿ ಗಕ್ಕನೆ ನಿಂತಳು, ಸರಸರನೆ ಒಲೆಯ ಹತ್ತಿರ ಹೋಗಿ ಹಾಲಿನ ಮಡಕೆಯನ್ನು ಬರಿಗೈಯಲ್ಲೇ ಪಕ್ಕಕ್ಕೆಳೆದಳು, ಹೊಗೆ ಕಂಡಿಯ ಹಲಗೆ ಸರಿಸಿದಳು, ಒಂದು ಮಾತೂ ಆಡಲಿಲ್ಲ. ನನ್ನ ಒಲೆಯ ಮೇಲೆ ನಿನ್ನ ಯಜಮಾನಿಕೆ ಏನು ಎಂದು ಉಸ್ತಿನ್ಯಾ ಅಂದು ಒಳಗೊಳಗೇ ಕುದಿದಿದ್ದಳು. ಜರಡಿ ಕೊಟ್ಟು ಕಳಿಸಿದ್ದಳು.

ಕೋಲು ಎಡಕ್ಕೆ ಒರಗಿದ್ದ ಮಾರನೆಯ ದಿನ ಅಂಗಡಿಗೆ ಹೋದಾಗ ಗ್ರೂನ್ಯಾ ಮತ್ತು ಕ್ಲಬ್ಬು ನೋಡಿಕೊಳ್ಳುವ ಜೀನಾ ಹಿಟ್ಟಿನ ಮೂಟೆಗಳ ಹತ್ತಿರ ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದರು. ಉಸ್ತಿನ್ಯಾ ಬಾಗಿಲು ತಳ್ಳಿದ್ದೇ ತಡ, ಮಾತು ನಿಂತಿತು.

"ನಿಮ್ಮ ವಿಷಯಾನೇ ಮಾತಾಡ್ತಿದ್ವಿ ಅಜ್ಜಿ" ಎಂದಳು ಜೀನಾ. "ಈ ವರ್ಷ ನೀವು ಬೋಗುಣಿ ಹೊತ್ಕೊಂಡು ಬರೋದು ಬೇಡ. ಗ್ರೂನ್ಯಾ ಚಿಕ್ಕಮ್ಮಾನೇ ಪೀಪಾಯಿಂದ ತೆಗೆದು ತಂದು ಕೊಡ್ತಾರಂತೆ."

"ಯಾಕಂತೆ? ನನ್ನ ಕೈಗೇನು ಲಕ್ವ ಹೊಡೆದಿದ್ಯಾ?"

"ಮಂಜು ಜಾರುತ್ತೆ ಅಂತ ಹೇಳ್ದೆ ಅಕ್ಕ" ಎಂದಳು ಗ್ರೂನ್ಯಾ. ನೆಲ ನೋಡಿಕೊಂಡೇ ಹೇಳಿದಳು.

"ಎಪ್ಪತ್ತೊಂದು ವರ್ಷದಿಂದ ಮಂಜಲ್ಲೇ ನಡೀತಿದೀನಿ. ಬಿದ್ರೆ ನಿನ್ನ ಮೇಲಂತೂ ಬೀಳಲ್ಲ."

ಜೀನಾ ನಕ್ಕಳು. ಗ್ರೂನ್ಯಾ ನಗಲಿಲ್ಲ. ಯಾವಾಗಲೂ ಒಂದಕ್ಕೆರಡು ಸೇರಿಸಿ ಹಿಂದಿರುಗಿಸುವವಳು ಇವತ್ತು ಸುಮ್ಮನೆ ಚೀಲ ಹೆಗಲಿಗೇರಿಸಿ ಹೊರಟಳು. ಆ ಮೌನವೇ ಉಸ್ತಿನ್ಯಾಳಿಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಿತು. ತಪ್ಪು ಮಾಡಿದವರೇ ಹಾಗೆ ಬಾಯಿ ಕಟ್ಟಿಕೊಳ್ಳುವುದು.

ಮನೆಗೆ ಬಂದವಳೇ ಹಲಗೆ ಎತ್ತಿ ಟಾರ್ಚು ಹಿಡಿದು ಕೆಳಗಿಳಿದಳು. ಮಂಡಿ ನೋವಿಗೆ ಏಣಿಯ ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬ ಸಂತನ ಹೆಸರು ಹೇಳಬೇಕಾಯಿತು. ಕಲ್ಲನ್ನು ಎದೆಗವಚಿಕೊಂಡು ಕೆಳಗಿಟ್ಟಳು. ಬಿಲ್ಲೆ ತೆಗೆದಳು. ಅದರ ಕೆಳಗಿದ್ದ ಬಟ್ಟೆ ಅವಳದಲ್ಲ! ಅವಳದಕ್ಕೆ ನೀಲಿ ಅಂಚು, ಇದಕ್ಕೆ ಅಂಚೇ ಇಲ್ಲ. ಬಟ್ಟೆಯ ಮಡಿಕೆಯಲ್ಲಿ ಉಗುರಿನಷ್ಟು ಒಂದು ಎಲೆಯ ಚೂರು. ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು. ಕರ್ರಂಟ್ ಎಲೆ.

ಒಂದು ಅಣಬೆ ತೆಗೆದು ಬಾಯಿಗಿಟ್ಟಳು. ಉಪ್ಪು ಸರಿಯಾಗಿತ್ತು. ಹಲ್ಲಿಗೆ ಕರಕ್ ಎಂದಿತು. ಅದರಾಚೆಗೆ ಏನಿದೆ, ಏನಾಗಿದೆ, ಏನೂ ತಿಳಿಯಲಿಲ್ಲ. ಮುಚ್ಚಿದ ಬಾಗಿಲಿನ ಮುಂದೆ ನಿಂತ ಹಾಗಾಯಿತು. ಬೇರೆ ಯಾರಿಗಾದರೂ ತಿನ್ನಿಸಿ ಕೇಳೋಣವೆಂದರೆ, ನಿನಗೇ ಗೊತ್ತಾಗಲ್ವಾ ಅಜ್ಜಿ ಎನ್ನುತ್ತಾರೆ.

ಏನು ಸುರಿದಿರಬಹುದು? ಸೀಮೆಎಣ್ಣೆಯೋ? ಮೀನು ತೊಳೆದ ನೀರೋ? ಸುರಿದದ್ದರ ಕಲೆ ಬಟ್ಟೆಗೆ ಹತ್ತಿರಬೇಕು, ಅದಕ್ಕೇ ಬಟ್ಟೆ ಬದಲಿಸಿದ್ದಾಳೆ. ಹಬ್ಬದ ದಿನ ಮೊದಲ ತುತ್ತಿಗೇ ಎಲ್ಲರೂ ಮುಖ ಕಿವುಚುತ್ತಾರೆ. ಆಗ ಗ್ರೂನ್ಯಾ ತನ್ನ ಮನೆಯಿಂದ ಬೋಗುಣಿ ತರಿಸುತ್ತಾಳೆ. ಎಲ್ಲ ಸರಿಹೊಂದುತ್ತಿತ್ತು. ಉಸ್ತಿನ್ಯಾ ಎಲೆಯ ಚೂರನ್ನು ಬೆಂಕಿಪೆಟ್ಟಿಗೆಯೊಳಗೆ ಹಾಕಿ ದೇವರ ಪಟದ ಹಿಂದೆ ಬಚ್ಚಿಟ್ಟಳು. ಸಾಕ್ಷಿ ಬೇಕಲ್ಲ.

ಆಮೇಲೆ ನಾಲ್ಕು ದಿನ ಅವಳು ಮನೆ ಬಿಟ್ಟು ಅಲ್ಲಾಡಲಿಲ್ಲ. ಕಿಟಕಿಯ ಮಂಜಿನಲ್ಲಿ ಬೆರಳಗಲ ಜಾಗ ಕರಗಿಸಿ ಬೇಲಿಯಾಚೆಗೇ ಕಣ್ಣಿಟ್ಟಳು. ಗ್ರೂನ್ಯಾ ಸೌದೆ ತರುತ್ತಿದ್ದಳು, ಹಾಲು ಕರೆಯುತ್ತಿದ್ದಳು, ನಡುನಡುವೆ ನಿಂತು ಈ ಕಡೆಯ ಬಾಗಿಲನ್ನು ನೋಡುತ್ತಿದ್ದಳು. ಕೋಲು ಇದೆಯೋ ಇಲ್ಲವೋ ಎಂದು ನೋಡುತ್ತಿದ್ದಾಳೆ! ಒಂದು ಬೆಳಿಗ್ಗೆ ಉಸ್ತಿನ್ಯಾಳ ಮೆಟ್ಟಿಲ ಮೇಲೆ ಬಿದ್ದ ಹಿಮವನ್ನು ಯಾರೋ ಗುಡಿಸಿ ಚೊಕ್ಕ ಮಾಡಿದ್ದರು. ಹೆಜ್ಜೆ ಗುರುತು ಅಳಿಸುವುದಕ್ಕೆ ಎಂದುಕೊಂಡಳು ಉಸ್ತಿನ್ಯಾ.

ಐದನೆಯ ದಿನ ಅವಳು ಬಲೆ ಬೀಸಿದಳು. ಶಾಲು ಬಿಗಿದು, ಕೋಲನ್ನು ಬಲಕ್ಕೆ ಒರಗಿಸಿ, ಬೇಲಿಯ ಹತ್ತಿರ ನಿಂತು ಬೇಕೆಂದೇ ಗಟ್ಟಿಯಾಗಿ ಕೂಗಿದಳು.

"ಗ್ರೂನ್ಯಾ! ಕ್ಲಬ್ಬಿಗೆ ಹೋಗ್ತಿದೀನಿ. ಜೀನಾ ಆಲೂಗಡ್ಡೆ ಸುಲಿಯೋಕೆ ಕರೆದಿದಾಳೆ. ಮಧ್ಯಾಹ್ನ ಆಗುತ್ತೆ!"

"ಹೋಗ್ಬಾ ಅಕ್ಕ. ಕಿವಿ ಮುಚ್ಕೊ, ಗಾಳಿ ಇದೆ."

"ನನ್ನ ಕಿವಿ ನನಗೆ ಗೊತ್ತು."

ಬೀದಿಯ ತಿರುವಿನವರೆಗೆ ಹೋಗಿ, ಹಿತ್ತಲ ದಾರಿಯಿಂದ ಹಿಂದೆ ಬಂದು, ತನ್ನದೇ ಸ್ನಾನದ ಗುಡಿಸಲಿಗೆ ನುಸುಳಿದಳು. ಶನಿವಾರದ ನಂತರ ಒಲೆ ಹಚ್ಚಿರಲಿಲ್ಲ. ಒಳಗಿನ ಚಳಿ ಹೊರಗಿನದಕ್ಕಿಂತ ಹಳೆಯದು, ಮೂಳೆಗೇ ಇಳಿಯುವಂಥದು. ಅಂಗೈಯಗಲದ ಕಿಟಕಿಗೆ ಉಸಿರು ಊದಿ ಊದಿ ಒಂದು ಕಣ್ಣಿಗಾಗುವಷ್ಟು ಜಾಗ ಮಾಡಿಕೊಂಡಳು.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಗ್ರೂನ್ಯಾ ಬಂದಳು. ಬಲಗೈಯಲ್ಲಿ ಬಕೆಟ್ಟು, ಅದರ ಮೇಲೆ ವಸ್ತ್ರ. ಅತ್ತಿತ್ತ ನೋಡಿ ಎಡಗೈಯಿಂದ ಕೋಲು ಎತ್ತಿ ಪಕ್ಕಕ್ಕಿಟ್ಟಳು. ಒಳಗೆ ಹೋಗುವ ಮುನ್ನ ಬಾಗಿಲಿಗೆ ತಲೆಬಾಗಿ ಶಿಲುಬೆಯ ಗುರುತು ಮಾಡಿಕೊಂಡಳು. ಮಾಡುವ ಪಾಪಕ್ಕೆ ದೇವರನ್ನೂ ಜೊತೆಗೆ ಕರೆಯುತ್ತಾಳಲ್ಲ ಎಂದು ಉಸ್ತಿನ್ಯಾಳಿಗೆ ಮೈ ಉರಿಯಿತು.

ಕಾಲ್ಬೆರಳು ಮರಗಟ್ಟಿದವು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಅವಳು ಹೇಳಬೇಕಾದ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡಳು. ಕೊನೆಗೆ ಗ್ರೂನ್ಯಾ ಹೊರಗೆ ಬಂದಳು. ಬಕೆಟ್ಟು ಈಗಲೂ ಭಾರವಾಗಿಯೇ ಇತ್ತು. ಕೋಲನ್ನು ಎಡಕ್ಕೆ ಒರಗಿಸಿ, ಸೊಂಟ ಹಿಡಿದುಕೊಂಡು, ಹಿತ್ತಲಾಚೆಯ ಕೊರಕಲಿನ ಕಡೆಗೆ ನಡೆದಳು. ಅವಳ ನಾಯಿ ಪೋಲ್ಕಾನ್ ಬಾಲ ಅಲ್ಲಾಡಿಸುತ್ತ ಹಿಂದೆಯೇ ಓಡಿತು.

ಉಸ್ತಿನ್ಯಾ ಹಿಂದಿನಿಂದ ಹೋದಳು. ಗ್ರೂನ್ಯಾ ಬಕೆಟ್ಟು ಬಗ್ಗಿಸಿದಾಗ ಹಿಮದ ಮೇಲೆ ಬಿದ್ದದ್ದು ಅಣಬೆ. ಅವಳದೇ ಅಣಬೆ.

"ಸಿಕ್ಕಿಬಿದ್ಯಲ್ಲೇ!" ಎಂದು ಕಿರುಚಿದಳು ಉಸ್ತಿನ್ಯಾ. "ನಾನು ಬೆನ್ನು ಬಗ್ಗಿಸಿ ಆರಿಸಿ ತಂದ ಅಣಬೆ! ಕೊರಕಲಿಗೆ ಚೆಲ್ತಿದೀಯಾ? ಕೋಲಿಟ್ಟ ಮನೆಗೆ ನುಗ್ಗಿ?"

ಗ್ರೂನ್ಯಾಳ ಕೈಯಿಂದ ಬಕೆಟ್ಟು ಬಿತ್ತು. "ಅಯ್ಯೋ ದೇವರೇ. ಅಕ್ಕ, ನೀನು ಕ್ಲಬ್ಬಿಗೆ..."

"ಕ್ಲಬ್ಬಿಗೂ ಹೋಗ್ತೀನಿ, ನಿನ್ನನ್ನೂ ಕರ್ಕೊಂಡೇ ಹೋಗ್ತೀನಿ. ಎಲ್ಲರ ಮುಂದೆ ಹೇಳು. ಪೀಪಾಯಿಗೆ ಏನು ಹಾಕ್ದೆ? ಎಲೆ ಸಿಕ್ಕಿದೆ ನನಗೆ, ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದೀನಿ!"

"ಎಲೆ ಉಳ್ಕೊಂಡಿತ್ತಾ? ಎಲ್ಲಾ ತೊಳೆದೇ ತಂದಿದ್ನಲ್ಲ" ಎಂದಳು ಗ್ರೂನ್ಯಾ, ಬೇರೇನೂ ತೋಚದವಳಂತೆ. ಆಮೇಲೆ ಸುಧಾರಿಸಿಕೊಂಡಳು. "ಅಕ್ಕ, ಇದು ಕೆಟ್ಟು ಹೋಗಿದೆ. ಅದಕ್ಕೇ ಚೆಲ್ತಿರೋದು."

"ನನ್ನ ಅಣಬೆ ಕೆಡೋದಾ? ಮೂವತ್ತು ವರ್ಷದಲ್ಲಿ ಒಂದು ಸಲ ಕೆಟ್ಟಿಲ್ಲ."

ಗ್ರೂನ್ಯಾ ಬಗ್ಗಿ ಒಂದು ಅಣಬೆ ಎತ್ತಿ ಅವಳ ಮುಂದೆ ಹಿಡಿದಳು. ಹಿಡಿದ ಕೈಯನ್ನು ತನ್ನಿಂದ ಆದಷ್ಟು ದೂರ ಚಾಚಿದ್ದಳು. "ಮೂಸಿ ನೋಡು."

ಉಸ್ತಿನ್ಯಾ ಅದನ್ನು ಕಿತ್ತುಕೊಂಡು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದಳು. ಚಳಿಗಾಳಿ ಬಂತು. ಮತ್ತೇನೂ ಬರಲಿಲ್ಲ.

"ಏನಾಗಿದೆ ಇದಕ್ಕೆ?" ಎಂದಳು. "ಚೆನ್ನಾಗೇ ಇದೆ. ಉಪ್ಪಿನ ಅಣಬೆ ಹೇಗಿರಬೇಕೋ ಹಾಗೇ ಇದೆ."

ಪೋಲ್ಕಾನ್ ಹಿಮದ ಮೇಲಿನ ರಾಶಿಯ ಹತ್ತಿರ ಹೋಯಿತು. ಸತ್ತ ಕಾಗೆಯನ್ನೂ ಬಿಡದ ನಾಯಿ ಅದು. ಒಮ್ಮೆ ಮೂಸಿತು, ಸೀನಿತು, ಹಿಂದೆ ಸರಿದು ಮುಖವನ್ನು ಹಿಮಕ್ಕೆ ಉಜ್ಜಿಕೊಂಡಿತು.

ಉಸ್ತಿನ್ಯಾ ನಾಯಿಯನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದದ್ದನ್ನು ಹಗಲ ಬೆಳಕಿಗೆ ಹಿಡಿದಳು. ಅಣಬೆಯ ಅಂಚು ಕಪ್ಪಾಗಿ ಲೋಳೆಯಾಗಿತ್ತು, ಮಡಿಕೆಗಳಲ್ಲಿ ಹಸಿರು ಬೂಷ್ಟು ಕೂತಿತ್ತು. ಟಾರ್ಚು ಹಿಡಿದು ಇಳಿದ ದಿನ ಅವಳು ನೋಡಿದ್ದು, ತಿಂದದ್ದು ಎಲ್ಲಕ್ಕಿಂತ ಮೇಲಿನ ಪದರವನ್ನಷ್ಟೇ. ಬೇರೆ ಹೆಂಗಸರು ಪ್ರತಿ ಶನಿವಾರ ಬಟ್ಟೆ, ಬಿಲ್ಲೆ, ಕಲ್ಲು ತೆಗೆದು ತೊಳೆಯುತ್ತಾರೆ. ಉಸ್ತಿನ್ಯಾ ಹಾಗೆ ದಿನ ನೋಡಿ ತೊಳೆದವಳಲ್ಲ. ಅಡುಗೆಮನೆಯಲ್ಲಿ ನಿಂತಾಗ ಹಲಗೆಯ ಸಂದಿನಿಂದ ಒಂದು ಸಣ್ಣ ಹುಳಿ ವಾಸನೆ ಬಂದರೆ, ಪೀಪಾಯಿ ಕರೆಯಿತು ಎಂದು ಇಳಿದುಹೋಗುತ್ತಿದ್ದಳು. ಈ ಚಳಿಗಾಲ ಪೀಪಾಯಿ ಅವಳನ್ನು ಒಮ್ಮೆಯೂ ಕರೆದಿರಲಿಲ್ಲ.

"ಯಾವಾಗಿಂದ ಗೊತ್ತು ನಿನಗೆ?" ಎಂದಳು, ಅಣಬೆಯನ್ನು ಕೆಳಗೆ ಹಾಕುತ್ತ.

"ಜರಡಿಗೆ ಬಂದಿದ್ನಲ್ಲ, ಆವತ್ತಿಂದ. ಹಾಲು ಸೀದು ಬಾಗಿಲವರೆಗೂ ನಾರ್ತಿತ್ತು. ನೀನು ಪಕ್ಕದಲ್ಲೇ ನಿಂತು ಹಿಟ್ಟು ನಾದ್ತಿದ್ದೆ. ನೆಲದ ಕೆಳಗಿಂದಾನೂ ವಾಸನೆ ಬರ್ತಿತ್ತು."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ಯಾ? ಗ್ರೂನ್ಯಾನೇ ಮಾಟ ಮಾಡಿ ಮೂಗು ಕಟ್ಟಿಸಿದ್ಲು ಅಂತ ಊರೆಲ್ಲಾ ಸಾರ್ತಿದ್ದೆ."

ಉಸ್ತಿನ್ಯಾ ಯೋಚಿಸಿ ನೋಡಿದಳು. ಸಾರುತ್ತಿದ್ದಳು.

"ತಳದ್ದು ಚೆನ್ನಾಗಿದೆ ಅಕ್ಕ, ನೀನು ಹಾಕಿದ ಉಪ್ಪು ಕಾಪಾಡಿದೆ. ಮೇಲಿನ ಮೂರು ಪದರ ಹೋಗಿತ್ತು. ಒಂದೇ ಸಲ ಹೊರೋಕೆ ಆಗಲ್ಲ, ನೀನು ಹೊರಗೆ ಹೋದಾಗೆಲ್ಲ ಬಕೆಟ್ಟು ಬಕೆಟ್ಟಾಗಿ ತೆಗೆದೆ. ಇವತ್ತಿಗೆ ಮುಗೀತು. ಬಿಲ್ಲೆ ಕಲ್ಲು ಎಲ್ಲಾ ಜುನಿಪರ್ ಸೊಪ್ಪು ಹಾಕಿ ಕುದಿಸಿದ ನೀರಲ್ಲಿ ತೊಳೆದಿದೀನಿ. ತೆಗೆದಷ್ಟನ್ನ ನನ್ನ ಪೀಪಾಯಿಂದ ತಂದು ತುಂಬಿಸ್ದೆ."

"ನಿನ್ನದು ಎಷ್ಟು ಉಳ್ದಿದೆ?"

"ನಾನೊಬ್ಬಳು ಎಷ್ಟು ತಿಂತೀನಿ, ಬಿಡು."

ಉಸ್ತಿನ್ಯಾ ಬಿಡಲಿಲ್ಲ. ನೇರವಾಗಿ ಗ್ರೂನ್ಯಾಳ ಮನೆಗೆ ನಡೆದು, ಹೇಳದೆ ಕೇಳದೆ ಅವಳ ನೆಲದ ಹಲಗೆ ಎತ್ತಿ, ಟಾರ್ಚು ಬಿಟ್ಟು ನೋಡಿದಳು. ಆಗಲೂ ಅವಳ ಮನಸ್ಸಿನ ಒಂದು ಮೂಲೆ, ಇದೆಲ್ಲ ನಾಟಕ ಇರಬಹುದು, ಹಬ್ಬದ ದಿನ ಎಲ್ಲರ ಮುಂದೆ ಬಾಯಿಬಿಡಲಿಕ್ಕೆ ಕಾದಿರಬಹುದು ಎನ್ನುತ್ತಿತ್ತು. ಗ್ರೂನ್ಯಾಳ ಪೀಪಾಯಿಯ ತಳದಲ್ಲಿ ಎರಡು ಹಿಡಿ ಅಣಬೆಯೂ ಒಂದಿಷ್ಟು ಒದ್ದೆ ಎಲೆಯೂ ಇದ್ದವು. ಗೋಡೆಗೆ ಒಣಹಾಕಿದ್ದ ಬಟ್ಟೆಗೆ ನೀಲಿ ಅಂಚಿತ್ತು. ಕಲೆ ಹೋಗುವವರೆಗೆ ಕುದಿಸಿದ್ದಳು.

"ಹಲಗೆ ಮುಚ್ಚು, ಚಳಿ ಬರುತ್ತೆ" ಎಂದಳು ಹಿಂದೆ ನಿಂತ ಗ್ರೂನ್ಯಾ. "ಟೀ ಕುಡೀತೀಯಾ?"

"ಕುಡೀತೀನಿ. ವಾಸನೆ ಗೊತ್ತಾಗಲ್ಲ, ಒಳ್ಳೆ ಟೀಪುಡಿ ವೇಸ್ಟ್ ಮಾಡ್ಬೇಡ."

ನಿಕೋಲನ ಹಬ್ಬದ ದಿನ ಕ್ಲಬ್ಬಿನಲ್ಲಿ ಕಿಟಕಿಗಳೆಲ್ಲ ಬೆವರುತ್ತಿದ್ದವು. ರೈ ಹಿಟ್ಟಿನ ಹೊದಿಕೆಯೊಳಗೆ ಇಡೀ ಮೀನನ್ನಿಟ್ಟು ಬೇಯಿಸಿದ ಪೈಗಳ ಮುಚ್ಚಳ ತೆರೆದಾಗ ಆವಿ ಎದ್ದಿತು. ಎಲ್ಲರೂ ಆಹಾ ಎಂದಾಗ ಉಸ್ತಿನ್ಯಾಳೂ ಆಹಾ ಎಂದಳು. ಅಣಬೆಯ ಬೋಗುಣಿಯನ್ನು ಅವಳೇ ಹೊತ್ತು ತಂದಿದ್ದಳು. ಗ್ರೂನ್ಯಾ ಅವಳ ಪಕ್ಕದಲ್ಲೇ, ಜಾರಿದರೆ ಹಿಡಿಯುವಷ್ಟು ಹತ್ತಿರ ನಡೆದು ಬಂದಿದ್ದಳು, ಕೈ ಮಾತ್ರ ಕೊಟ್ಟಿರಲಿಲ್ಲ.

ಜೀನಾ ಮೊದಲ ಅಣಬೆ ಬಾಯಿಗಿಟ್ಟು ಕಣ್ಣರಳಿಸಿದಳು. "ಉಸ್ತಿನ್ಯಾ ಅಜ್ಜಿ, ಈ ಸಲ ಏನೋ ಬೇರೆ ಘಮ ಇದೆಯಲ್ಲ! ಯಾವತ್ತಿಗಿಂತ ಚೆನ್ನಾಗಿದೆ. ಏನು ಹಾಕಿದ್ರಿ?"

ಉಸ್ತಿನ್ಯಾಳ ಬೆನ್ನು ನೆಟ್ಟಗಾಯಿತು. ಮೇಜಿನಾಚೆ ಕೂತಿದ್ದ ಗ್ರೂನ್ಯಾಳ ಮುಖವನ್ನೇ ನೋಡಿದಳು. ಈಗ ಹೇಳುತ್ತಾಳೆ. ಹೇಳುವುದಿದ್ದರೆ ಇದೇ ಸಮಯ. ಗ್ರೂನ್ಯಾ ತಲೆ ತಗ್ಗಿಸಿ, ಎಡಗೈಯಲ್ಲಿ ಚಾಕು ಹಿಡಿದು, ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಪಕ್ಕದ ಮಗುವಿನ ತಟ್ಟೆಗೆ ಮುಳ್ಳಿಲ್ಲದ ತುಂಡು ಹಾಕಿದಳು. ಇನ್ನೊಂದು ತುಂಡು ಎತ್ತಿಕೊಂಡಳು. ಏನೂ ಹೇಳಲಿಲ್ಲ. ಹೇಳುವ ಹಾಗೂ ಕಾಣಲಿಲ್ಲ.

"ಕರ್ರಂಟ್ ಎಲೆ" ಎಂದಳು ಉಸ್ತಿನ್ಯಾ. ಸ್ವರ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಮೇಲಿನ ಅರ್ಧ ಗ್ರೂನ್ಯಾಳದು. ನಂದು ಕೆಟ್ಟುಹೋಗಿತ್ತು. ಜ್ವರ ಬಂದಾಗಿಂದ ನನಗೆ ಮೂಗಿಲ್ಲ. ಯಾರಿಗೂ ಹೇಳಿರಲಿಲ್ಲ."

ಗ್ರೂನ್ಯಾ ಚಾಕು ಕೆಳಗಿಟ್ಟಳು.

"ನೋಡ್ರಪ್ಪ ಎಲ್ರೂ" ಎಂದಳು. "ಮೂಗು ಇರೋ ತನಕ ನನ್ನ ಅಣಬೆ ಹಿತ್ತಲ ಗಿಡದ ಥರ ಅಂದ್ಲು. ಮೂಗು ಹೋದ್ಮೇಲೆ ಹೊಗಳ್ತಿದಾಳೆ."

"ಹೊಗಳಿದ್ದು ಜೀನಾ, ನಾನಲ್ಲ!"

ನಗು ಕಿಟಕಿಯ ಗಾಜಿಗೆ ಬಡಿದು ಬಂತು. ಯಾರೋ ಬೋಗುಣಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಇನ್ನೊಬ್ಬರು ನಮಗೂ ಇರಲಿ ಎಂದು ಜಗಳ ತೆಗೆದರು. ಜೀನಾ ಉಸ್ತಿನ್ಯಾಳ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ವರ್ಷ ಎಲೆ ಹಾಕ್ಬೇಕೋ ಬೇಡ್ವೋ, ಈಗಲೇ ತೀರ್ಮಾನ ಮಾಡ್ಕೊಳ್ಳಿ ಇಬ್ರೂ" ಎಂದಳು.

"ಬೇಡ" ಎಂದಳು ಉಸ್ತಿನ್ಯಾ.

"ಬೇಕು" ಎಂದಳು ಗ್ರೂನ್ಯಾ.

ಹಬ್ಬದ ನಂತರದ ಶನಿವಾರ ಉಸ್ತಿನ್ಯಾ ಸೀಮೆಎಣ್ಣೆ ತರಲು ಹೊರಟಳು. ಬಟ್ಟೆ, ಬಿಲ್ಲೆ, ಕಲ್ಲು ತೊಳೆಯುವ ದಿನ, ಗ್ರೂನ್ಯಾ ಬಂದು ಪೀಪಾಯಿ ಮೂಸಿ ನೋಡುವ ದಿನ. ಬಾಗಿಲು ಮುಚ್ಚಿ ಕೋಲು ಕೈಗೆತ್ತಿಕೊಂಡಾಗ ಅಭ್ಯಾಸದಂತೆ ಕೈ ಬಲಕ್ಕೆ ಹೋಯಿತು. ಅವಳು ನಿಂತಳು. ಕೋಲನ್ನು ಎಡಗೈಗೆ ಬದಲಿಸಿಕೊಂಡು ಎಡ ಅಂಚಿಗೆ ಒರಗಿಸಿದಳು. ಅದು ಜಾರಿ ಹಿಮಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡು, ಹಿಮ ಒರೆಸಿ, ಮತ್ತೆ ಅಲ್ಲಿಗೇ ಒರಗಿಸಿದಳು.